ವಿಕಿಪೀಡಿಯದಲ್ಲಿ ನಿಮ್ಮದೇ ಪುಟ: ಪಕ್ಷಪಾತವಿಲ್ಲದೆ ತಿದ್ದಿಸುವ ಸೂತ್ರಗಳು

ಮುಳಬಾಗಿಲಿನ ಒಬ್ಬ ಕವಿ, ಮಾಲೂರಿನ ಒಬ್ಬ ಮಾಜಿ ಜನಪ್ರತಿನಿಧಿ, ಶ್ರೀನಿವಾಸಪುರದ ಒಬ್ಬ ರಂಗನಟಿ, ಕೋಲಾರದ ಒಬ್ಬ ಓಟಗಾರ. ನಾಲ್ವರೂ ಊಹೆಯ ಮನುಷ್ಯರು, ಆದರೆ ನಮ್ಮ ಜಿಲ್ಲೆಯಲ್ಲಿ ಇಂಥವರಿಗೇನು ಬರವಿಲ್ಲ. ಇವರ ಹೆಸರಿನಲ್ಲಿ ವಿಕಿಪೀಡಿಯದಲ್ಲಿ ಒಂದೊಂದು ಪುಟ ಇದೆ. ಯಾರು ಬರೆದರು, ಯಾವಾಗ ಬರೆದರು, ಇವರಿಗೆ ಗೊತ್ತಿಲ್ಲ. ಸನ್ಮಾನಕ್ಕೆ ಕರೆದವರು ಅದನ್ನೇ ನೋಡಿ ಪರಿಚಯ ಭಾಷಣ ಓದುತ್ತಾರೆ. ಪತ್ರಿಕೆಯವರು ಅವಸರದಲ್ಲಿ ಅದನ್ನೇ ಎತ್ತಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಹೆಸರು ಟೈಪ್ ಮಾಡಿದರೆ ಮೊದಲು ಬರುವುದೂ ಅದೇ. ಅಂಥ ಪುಟದಲ್ಲಿ ತಪ್ಪಿದ್ದರೆ ಮೈ ಉರಿಯುವುದು ಸಹಜ. ಮೇಲೆ 'ಸಂಪಾದಿಸಿ' ಎಂಬ ಗುಂಡಿ ಬೇರೆ ಇದೆ. ಒತ್ತಿ, ತಿದ್ದಿ, ಉಳಿಸಿದರೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ತಿದ್ದಿದ್ದನ್ನು ಯಾರೋ ಮರುದಿನವೇ ಹಿಂದಕ್ಕೆ ತಿರುಗಿಸುತ್ತಾರೆ, 'ಸ್ವಂತ ಪ್ರಚಾರ' ಎಂದು ಷರಾ ಬರೆಯುತ್ತಾರೆ, ಆ ಷರಾ ಪುಟದ ಇತಿಹಾಸದಲ್ಲಿ ಶಾಶ್ವತವಾಗಿ ಉಳಿಯುತ್ತದೆ. ಈ ಕೆಲಸಕ್ಕೆ ಬೇರೆಯೇ ದಾರಿ ಇದೆ. ಸ್ವಲ್ಪ ಸುತ್ತು, ಆದರೆ ಊರು ಸೇರುತ್ತದೆ.

1. ತಪ್ಪನ್ನು ಮೊದಲು ವಿಂಗಡಿಸಿ

ಪುಟವನ್ನು ಒಮ್ಮೆ ಕೈಕಟ್ಟಿಕೊಂಡು ಓದಿ. ಆಮೇಲೆ ಹಾಳೆಯ ಮೇಲೆ ಮೂರು ಪಟ್ಟಿ ಮಾಡಿ. ಒಂದು, ನಿಜವಾಗಿ ತಪ್ಪಿರುವುದು: ಇಸವಿ, ಊರು, ಪುಸ್ತಕದ ಹೆಸರು, ಓಟದ ದೂರ. ಎರಡು, ನಿಜವೇ, ಆದರೆ ನಿಮಗೆ ಹಿಡಿಸದ್ದು: ಸೋತ ಚುನಾವಣೆ, ಬಿಟ್ಟ ಪಕ್ಷ, ವಿಮರ್ಶಕರು ಝಾಡಿಸಿದ ಕವನಸಂಕಲನ. ಮೂರು, ಬಿಟ್ಟುಹೋಗಿರುವುದು.

ಮೊದಲನೇ ಪಟ್ಟಿಯ ಮೇಲೆ ನಿಮಗೆ ಪೂರ್ತಿ ಹಕ್ಕಿದೆ. ಮೂರನೆಯದನ್ನು ಕೇಳಬಹುದು, ಸಿಗದೆಯೂ ಹೋಗಬಹುದು. ಎರಡನೆಯದನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಪಕ್ಷಪಾತ ಎಂಬುದು ಈ ಎರಡನೇ ಪಟ್ಟಿಯನ್ನು ಮೊದಲನೆಯದರ ಒಳಗೆ ತೂರಿಸುವುದರಿಂದಲೇ ಹುಟ್ಟುತ್ತದೆ. ಹುಟ್ಟಿದ ಇಸವಿ ತಿದ್ದುವ ನೆಪದಲ್ಲಿ ಪಕ್ಷಾಂತರದ ಸಾಲನ್ನೂ ಅಳಿಸಿಬಿಟ್ಟರೆ, ಸರಿಯಾದ ಇಸವಿಯೂ ಅದರ ಜೊತೆಗೇ ತಿರಸ್ಕೃತವಾಗುತ್ತದೆ.

2. 'ಇತಿಹಾಸ' ನೋಡಿ

ಪ್ರತಿ ಪುಟಕ್ಕೂ ಇತಿಹಾಸದ ಕೊಂಡಿ ಇದೆ. ಯಾವ ಸಾಲನ್ನು ಯಾವ ಖಾತೆ ಯಾವ ದಿನ ಎಷ್ಟು ಹೊತ್ತಿಗೆ ಸೇರಿಸಿತು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ತಪ್ಪಿನ ಜಾತಕ ಅಲ್ಲೇ ಗೊತ್ತಾಗುತ್ತದೆ: ಕಿಡಿಗೇಡಿತನವೋ, ಆಧಾರವಿಲ್ಲದೆ ಬರೆದದ್ದೋ, ಇರುವ ಆಧಾರವನ್ನೇ ತಪ್ಪಾಗಿ ಓದಿದ್ದೋ. ಮೂರಕ್ಕೂ ಮದ್ದು ಬೇರೆ ಬೇರೆ.

ಕಿಡಿಗೇಡಿತನ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2005ರ ಒಂದು ಪ್ರಸಂಗ ಸಾಕು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆಂತಾಲರ್ ಅವರ ಪುಟದಲ್ಲಿ, ಕೆನಡಿ ಸಹೋದರರ ಹತ್ಯೆಯಲ್ಲಿ ಇವರ ಪಾತ್ರದ ಬಗ್ಗೆ ಶಂಕೆಯಿತ್ತು ಎಂದು ಯಾರೋ ತಮಾಷೆಗೆ ಬರೆದರು. ಆ ಸುಳ್ಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೇ ಇತ್ತು. ಅವರು 'ಯುಎಸ್‌ಎ ಟುಡೇ' ಪತ್ರಿಕೆಯಲ್ಲಿ ಲೇಖನ ಬರೆದ ಮೇಲೆ ಲೋಕಕ್ಕೆಲ್ಲ ಸುದ್ದಿಯಾಯಿತು. ಬದುಕಿರುವವರ ಬಗ್ಗೆ ಬರೆಯುವಾಗ ವಿಶೇಷ ಎಚ್ಚರ ಬೇಕು, ಆಧಾರವಿಲ್ಲದ ಆರೋಪವನ್ನು ಕಂಡ ಕೂಡಲೇ ತೆಗೆಯಬೇಕು ಎಂಬ ನಿಯಮ ಗಟ್ಟಿಯಾದದ್ದು ಆ ಗಲಾಟೆಯ ನಂತರ. ಇವತ್ತು ನಿಮ್ಮ ಕೈಯಲ್ಲಿರುವ ದೊಡ್ಡ ಅಸ್ತ್ರ ಆ ನಿಯಮವೇ.

3. ತಿದ್ದುವ ಕೈ ನಿಮ್ಮದಾಗದಿರಲಿ

ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ನಾವು ತಾಲ್ಲೂಕು ಕಚೇರಿಗೆ ನುಗ್ಗಿ ಪೆನ್ನು ತೆಗೆದು ತಿದ್ದುತ್ತೇವೆಯೇ? ಅರ್ಜಿ ಬರೆದು, ದಾಖಲೆ ಲಗತ್ತಿಸಿ, ತಿದ್ದುವ ಅಧಿಕಾರ ಇರುವವರ ಮುಂದೆ ಇಡುತ್ತೇವೆ. ಜಮೀನು ನಮ್ಮದೇ, ಹೆಸರು ನಮ್ಮದೇ, ಆದರೂ ದಾಖಲೆ ನಮ್ಮದಲ್ಲ. ವಿಕಿಪೀಡಿಯ ಪುಟವೂ ಅಷ್ಟೇ. ಒಂದೇ ವ್ಯತ್ಯಾಸ: ಅಲ್ಲಿ ಪೆನ್ನು ಮೇಜಿನ ಮೇಲೆ ತೆರೆದೇ ಇದೆ. ಅದೇ ಆಮಿಷ.

ಈ ಆಮಿಷಕ್ಕೆ ಬಿದ್ದವರಲ್ಲಿ ವಿಕಿಪೀಡಿಯವನ್ನು ಕಟ್ಟಿದವರೇ ಇದ್ದಾರೆ. 2001ರ ಜನವರಿಯಲ್ಲಿ ಅದನ್ನು ಆರಂಭಿಸಿದ ಜಿಮ್ಮಿ ವೇಲ್ಸ್, 2005ರಲ್ಲಿ ತಮ್ಮ ಪುಟವನ್ನು ತಾವೇ ಹಲವು ಸಲ ತಿದ್ದಿದ್ದರು. ಲ್ಯಾರಿ ಸ್ಯಾಂಗರ್ ಅವರನ್ನು ಸಹ-ಸಂಸ್ಥಾಪಕ ಎಂದಿದ್ದ ಮಾತುಗಳನ್ನು ತೆಗೆದಿದ್ದರು. ಇತಿಹಾಸದ ಪುಟ ಎಲ್ಲವನ್ನೂ ದಾಖಲಿಸಿಕೊಂಡಿತ್ತು, ಒಬ್ಬ ಬ್ಲಾಗ್ ಬರಹಗಾರ ಅದನ್ನು ಹೊರಗೆ ಹಾಕಿದ, ವೇಲ್ಸ್ ವಿಷಾದ ಹೇಳಬೇಕಾಯಿತು. ಅವರು ತೆಗೆದ ಮಾತು ಪುಟಕ್ಕೆ ಮರಳಿತು. ಜೊತೆಗೆ ಅವರು ತೆಗೆದಿದ್ದರು ಎಂಬ ಮಾತೂ ಸೇರಿಕೊಂಡಿತು! ಮನೆ ಯಜಮಾನನಿಗೇ ಹೀಗಾದರೆ ನಮ್ಮ ನಿಮ್ಮ ಪಾಡೇನು?

ಹಾಗೆಂದು ಏನನ್ನೂ ಮುಟ್ಟಬಾರದು ಎಂದಲ್ಲ. ಬೈಗುಳ ಬರೆದಿದ್ದರೆ ಅಳಿಸಿ. ಕಾಗುಣಿತ ತಿದ್ದಿ. ಯಾವ ಆಧಾರವೂ ಇಲ್ಲದ ಅಪವಾದವನ್ನು ತೆಗೆದು, ಏಕೆ ತೆಗೆದಿರಿ ಎಂದು ಸಾರಾಂಶದ ಜಾಗದಲ್ಲಿ ಒಂದು ಸಾಲು ಬರೆಯಿರಿ. ಇಷ್ಟಕ್ಕೆ ನಿಯಮದ ಅಡ್ಡಿಯಿಲ್ಲ. ಉಳಿದದ್ದೆಲ್ಲ, ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ.

4. ಹೆಸರು ಹೇಳಿಯೇ ಒಳಗೆ ಹೋಗಿ

ಖಾತೆ ತೆರೆಯಿರಿ. 'ಈ ಲೇಖನ ನನ್ನ ಕುರಿತಾದದ್ದು' ಎಂದು ನಿಮ್ಮ ಸದಸ್ಯ ಪುಟದಲ್ಲೂ ಚರ್ಚೆ ಪುಟದಲ್ಲೂ ಬರೆಯಿರಿ. ಹೆಸರು ಸ್ವಲ್ಪ ಪ್ರಸಿದ್ಧವಾಗಿದ್ದರೆ, ಯಾರೋ ನಿಮ್ಮ ವೇಷ ಹಾಕಿದ್ದಾರೆಂಬ ಅನುಮಾನದಿಂದ ಇಂಗ್ಲಿಷ್ ವಿಕಿಪೀಡಿಯದವರು ಖಾತೆಯನ್ನು ತಡೆಹಿಡಿಯುವುದೂ ಉಂಟು. ಬೇಸರ ಬೇಡ, ಇಮೇಲ್ ಮೂಲಕ ಗುರುತು ದೃಢಪಡಿಸಿದರೆ ಬಿಡುತ್ತಾರೆ.

ಇಲ್ಲೊಂದು ಜಾಣತನ ನಮ್ಮ ಕಡೆ ಜೋರಾಗಿ ನಡೆಯುತ್ತದೆ: ಕಂಪ್ಯೂಟರ್ ಕಲಿತ ಅಕ್ಕನ ಮಗ, ಆಪ್ತ ಸಹಾಯಕ, ಅಭಿಮಾನಿ ಬಳಗದ ಕಾರ್ಯದರ್ಶಿ, ಇವರಲ್ಲಿ ಯಾರಿಗಾದರೂ 'ನೀನೇ ತಿದ್ದಪ್ಪ' ಎಂದು ಒಪ್ಪಿಸುವುದು. ನಿಯಮದ ಕಣ್ಣಿಗೆ ಅವರೂ ನೀವೇ. ಅವರು ಸಂಬಳಕ್ಕಿದ್ದರಂತೂ ಯಾರಿಂದ ಹಣ ಪಡೆದು ತಿದ್ದುತ್ತಿದ್ದೇನೆ ಎಂದು ಘೋಷಿಸಲೇಬೇಕು. 2014ರಿಂದ ಅದು, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ಷರತ್ತುಗಳಲ್ಲೇ ಇದೆ.

5. ಮನವಿ ಮೂರು ಸಾಲಿನಲ್ಲಿ ಮುಗಿಯಲಿ

ಚರ್ಚೆ ಪುಟದಲ್ಲಿ ಬರೆಯುವಾಗ ಆತ್ಮಕಥೆ ಬೇಡ. ಈಗಿರುವ ವಾಕ್ಯ, ಆಗಬೇಕಾದ ವಾಕ್ಯ, ಆಧಾರ. ಅಷ್ಟೇ.

ಮಾದರಿಗೆ ಹೀಗೆ: 'ಎರಡನೇ ಪ್ಯಾರಾದಲ್ಲಿ "ಮಾಸ್ತಿಯಲ್ಲಿ ಜನಿಸಿದರು" ಎಂದಿದೆ. "ಮಾಲೂರು ಪಟ್ಟಣದಲ್ಲಿ ಜನಿಸಿದರು" ಎಂದಾಗಬೇಕು. ಆಧಾರ: ಇಂಥ ಪ್ರಕಾಶನದ ಇಂಥ ಪುಸ್ತಕ, ಇಂಥ ವರ್ಷ, ಇಷ್ಟನೇ ಪುಟ. ಈ ಲೇಖನ ನನ್ನ ಬಗ್ಗೆಯೇ ಆದ್ದರಿಂದ ಬೇರೆಯವರು ಪರಿಶೀಲಿಸಿ ತಿದ್ದಬೇಕೆಂದು ಕೋರುತ್ತೇನೆ.'

ಒಂದು ಮನವಿಗೆ ಒಂದೇ ತಿದ್ದುಪಡಿ. ಹತ್ತನ್ನು ಒಟ್ಟಿಗೆ ಕೊಟ್ಟರೆ ಓದುವ ಸ್ವಯಂಸೇವಕರು ಹತ್ತನ್ನೂ ಬದಿಗಿಡುತ್ತಾರೆ. ಅವರಿಗೆ ಸಂಬಳವಿಲ್ಲ ಎಂಬುದು ನೆನಪಿರಲಿ. ಸಂಜೆ ಮಕ್ಕಳಿಗೆ ಪಾಠ ಹೇಳಿ, ಊಟ ಮುಗಿಸಿ, ಆಮೇಲೆ ಕೂತು ಇದನ್ನು ಮಾಡುವವರು ಅವರು.

6. ನಿಮ್ಮ ನೆನಪು ಆಧಾರವಲ್ಲ

ಎಲ್ಲರೂ ಮುಗ್ಗರಿಸುವುದು ಇಲ್ಲಿ. 'ನನ್ನ ಬಗ್ಗೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?' ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್ ಇದೇ ಮಾತು ಹಿಡಿದು ಹೊರಟರು. 'ದಿ ಹ್ಯೂಮನ್ ಸ್ಟೇನ್' ಕಾದಂಬರಿಗೆ ಯಾರ ಬದುಕು ಪ್ರೇರಣೆ ಎಂಬ ವಿಚಾರದಲ್ಲಿ ವಿಕಿಪೀಡಿಯ ಹೇಳಿದ್ದು ತಪ್ಪು ಎಂದರು. ಬೇರೆ ಪ್ರಕಟಿತ ಆಧಾರ ಬೇಕು ಎಂಬ ಉತ್ತರ ಬಂತು. ಸಿಟ್ಟಾಗಿ 2012ರ ಸೆಪ್ಟೆಂಬರಿನಲ್ಲಿ 'ದಿ ನ್ಯೂಯಾರ್ಕರ್'ನಲ್ಲಿ ಬಹಿರಂಗ ಪತ್ರ ಬರೆದರು. ತಮಾಷೆಯೆಂದರೆ ಆ ಪತ್ರ ಪ್ರಕಟವಾದ ಕೂಡಲೇ ಅದೇ ಆಧಾರವಾಯಿತು, ಲೇಖನದಲ್ಲಿ ಅವರ ಮಾತೂ ಸೇರಿತು.

ನಗುವ ಮೊದಲು ಇದರ ಹಿಂದಿನ ತರ್ಕ ನೋಡಿ. ಓದುಗನೊಬ್ಬ ನಿಮ್ಮನ್ನು ಕಾಣದೆ, ಫೋನು ಮಾಡದೆ, ಒಂದು ಮಾತನ್ನು ತಾನೇ ಪರಿಶೀಲಿಸಿಕೊಳ್ಳಲು ಆಗಬೇಕು. ನಿಮ್ಮ ತಲೆಯೊಳಗಿನ ನೆನಪನ್ನು ಅವನು ಪರಿಶೀಲಿಸಲಾರ, ಅಚ್ಚಾದ ಹಾಳೆಯನ್ನು ಪರಿಶೀಲಿಸಬಲ್ಲ.

ನಮ್ಮಲ್ಲಿ ಯಾವುದು ಆಧಾರವಾಗುತ್ತದೆ? ದಿನಪತ್ರಿಕೆಯ ವರದಿ, ತಾರೀಖು ಮತ್ತು ಪುಟಸಂಖ್ಯೆಯೊಂದಿಗೆ. ಒಳ್ಳೆಯ ಪ್ರಕಾಶಕರ ಪುಸ್ತಕ. ಅಕಾಡೆಮಿಗಳ ಪ್ರಕಟಣೆ. ರಾಜ್ಯೋತ್ಸವ ಪ್ರಶಸ್ತಿಯಾದರೆ ಸರ್ಕಾರದ ಪಟ್ಟಿ. ಇಂಟರ್ನೆಟ್ಟಿನಲ್ಲಿ ಕೊಂಡಿ ಇರಲೇಬೇಕೆಂದಿಲ್ಲ. ಕೋಲಾರದ ಗ್ರಂಥಾಲಯದಲ್ಲಿ ಕುಳಿತು ಹಳೆಯ ಪತ್ರಿಕೆಯ ಕಟ್ಟು ಬಿಚ್ಚಿ ತಾರೀಖು ಬರೆದುಕೊಂಡು ಬಂದರೆ ಅದೂ ಪೂರ್ತಿ ಅಧಿಕೃತ. ಇಂಗ್ಲಿಷ್ ಪುಟಕ್ಕೂ ಕನ್ನಡ ಪತ್ರಿಕೆಯ ಆಧಾರ ಕೊಡಬಹುದು. ಬೇಕಾದ ಸಾಲನ್ನು ಕನ್ನಡದಲ್ಲೇ ಕೊಟ್ಟು ಅದರ ಅನುವಾದವನ್ನೂ ಜೊತೆಗಿಡಿ.

ಯಾವುದು ಆಗುವುದಿಲ್ಲ? ಬಸ್ ನಿಲ್ದಾಣದ ಫ್ಲೆಕ್ಸು, ಸನ್ಮಾನಪತ್ರ, ವಾಟ್ಸ್‌ಆಪ್‌ನಲ್ಲಿ ಬಂದದ್ದು, ಅಭಿಮಾನಿಗಳ ಫೇಸ್‌ಬುಕ್ ಪುಟ. ಅಭಿನಂದನ ಗ್ರಂಥದ ಪ್ರಶ್ನೆ ಸ್ವಲ್ಪ ನಾಜೂಕು. ಎಲ್ಲಿ ಓದಿದಿರಿ, ಯಾವ ಶಾಲೆಯಲ್ಲಿ ಪಾಠ ಮಾಡಿದಿರಿ ಎಂಬುದಕ್ಕೆ ಅದು ನಡೆಯುತ್ತದೆ. 'ಯುಗಪುರುಷ' ಎಂಬುದಕ್ಕೆ ನಡೆಯುವುದಿಲ್ಲ. ಬರೆದವರೆಲ್ಲ ನಿಮ್ಮ ಸ್ನೇಹಿತರೇ ತಾನೆ?

ಆತ್ಮಕಥೆಗೂ ಇದೇ ಮಿತಿ. ನಮ್ಮ ಜಿಲ್ಲೆ ಇದಕ್ಕೆ ಎರಡು ಒಳ್ಳೆಯ ಉದಾಹರಣೆ ಕೊಟ್ಟಿದೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ತಮ್ಮ ಬಾಳನ್ನು ತಾವೇ 'ಭಾವ' ಎಂದು ಮೂರು ಸಂಪುಟಗಳಲ್ಲಿ ಬರೆದರು. ಮುಳಬಾಗಿಲಿನ ಡಿ.ವಿ. ಗುಂಡಪ್ಪ 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟಗಳಲ್ಲಿ ತಾವು ಕಂಡ ಇತರರ ಚಿತ್ರ ಬಿಡಿಸಿದರು. ವಿಶ್ವಕೋಶದ ಲೆಕ್ಕದಲ್ಲಿ ಮಾಸ್ತಿಯವರ ಬಾಲ್ಯದ ವಿವರಕ್ಕೆ 'ಭಾವ' ಸಾಕು. ಅವರ ಕತೆಗಳ ಹಿರಿಮೆಗೆ ಬೇರೆಯವರು ಬರೆದ ವಿಮರ್ಶೆ ಬೇಕು. ಡಿವಿಜಿ ಚಿತ್ರಿಸಿದವರಿಗಾದರೆ ಡಿವಿಜಿಯೇ ಹೊರಗಿನ ಸಾಕ್ಷಿ. ನಮ್ಮ ಬಗ್ಗೆ ಇನ್ನೊಬ್ಬರು ಬರೆದದ್ದಕ್ಕೆ ಹೆಚ್ಚು ತೂಕ ಎಂಬುದು ಇಷ್ಟು ಸರಳ.

7. ಪತ್ರಿಕೆಯೇ ತಪ್ಪಿದ್ದರೆ ಮೊದಲು ಅಲ್ಲಿಗೆ ಹೋಗಿ

ವಿಕಿಪೀಡಿಯ ಪತ್ರಿಕೆಯನ್ನು ನಂಬಿ ಬರೆದಿರುತ್ತದೆ. ಸಂಪಾದಕರಿಗೆ ಪತ್ರ ಬರೆದು ತಿದ್ದುಪಡಿ ಹಾಕಿಸಿ, ಆ ತಿದ್ದುಪಡಿಯನ್ನೇ ಆಧಾರವಾಗಿ ಕೊಡಿ. ತಾರೀಖುಗಳನ್ನೂ ಹೋಲಿಸಿ ನೋಡಿ: ವರದಿ ಬಂದದ್ದು ವಿಕಿಪೀಡಿಯದಲ್ಲಿ ಆ ಸಾಲು ಸೇರಿದ ನಂತರವೇ ಆಗಿದ್ದರೆ, ಪತ್ರಿಕೆ ಅಲ್ಲಿಂದಲೇ ಎತ್ತಿಕೊಂಡಿರಬಹುದು. ಆಮೇಲೆ ಅದೇ ವರದಿಯನ್ನು ವಿಕಿಪೀಡಿಯ ಆಧಾರವೆಂದು ತೋರಿಸುತ್ತದೆ. ಇಂಥ ಸುತ್ತು ಕಂಡರೆ ಎರಡೂ ತಾರೀಖನ್ನು ಚರ್ಚೆ ಪುಟದಲ್ಲಿ ಪಕ್ಕಪಕ್ಕದಲ್ಲಿ ಇಡಿ. ವಾದವೇ ಬೇಕಾಗುವುದಿಲ್ಲ.

8. ಊರು, ಜಿಲ್ಲೆ, ಹುಟ್ಟಿದ ದಿನ

ಕೋಲಾರದವರಿಗೆ ಇದು ವಿಶೇಷ ತಲೆನೋವು. 2007ರಲ್ಲಿ ಜಿಲ್ಲೆ ಚಿಕ್ಕಬಳ್ಳಾಪುರ, ಕೋಲಾರ ಎಂದು ಎರಡಾಯಿತು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಕ್ಕಬಳ್ಳಾಪುರ ಆ ಕಡೆ ಹೋದವು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ ಈ ಕಡೆ ಉಳಿದವು. 1950ರಲ್ಲಿ ಚಿಂತಾಮಣಿಯಲ್ಲಿ ಹುಟ್ಟಿದವರು 'ಕೋಲಾರ ಜಿಲ್ಲೆಯವರು' ಎಂದರೂ ಸರಿ, 'ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ' ಎಂದರೂ ಸರಿ. ಜಗಳ ಬೇಡ. 'ಆಗಿನ ಕೋಲಾರ ಜಿಲ್ಲೆ, ಈಗಿನ ಚಿಕ್ಕಬಳ್ಳಾಪುರ ಜಿಲ್ಲೆ' ಎಂದು ಬರೆಸಿದರೆ ಮುಗಿಯಿತು. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರಿಗೂ ಇದೇ ಪರಿಹಾರ.

ಇನ್ನು ಹುಟ್ಟಿದ ಊರಿಗೂ ಸ್ವಂತ ಊರಿಗೂ ನಾವು ವ್ಯತ್ಯಾಸ ಮಾಡುವುದೇ ಕಡಿಮೆ. 'ನಿಮ್ಮೂರು ಯಾವುದು?' ಎಂದರೆ ತಾತನ ಊರು ಹೇಳುತ್ತೇವೆ. ಹೆರಿಗೆ ಆಗಿದ್ದು ತಾಯಿಯ ತವರಿನಲ್ಲೋ ಕೆಜಿಎಫ್ ಆಸ್ಪತ್ರೆಯಲ್ಲೋ ಆಗಿರುತ್ತದೆ. ಮಾಸ್ತಿಯವರನ್ನು ಎಷ್ಟೋ ಜನ ಮಾಸ್ತಿಯಲ್ಲೇ ಹುಟ್ಟಿದವರು ಎಂದುಕೊಂಡಿದ್ದಾರೆ, ಹೆಸರಿನಲ್ಲೇ ಊರಿದೆಯಲ್ಲ. ಅವರು ಹುಟ್ಟಿದ್ದು ಅದೇ ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಎನ್ನುತ್ತವೆ ಜೀವನ ವಿವರಗಳು. ನಿಮ್ಮ ಪುಟದಲ್ಲಿ 'ಜನನ' ಎಂಬ ಜಾಗಕ್ಕೆ ಹುಟ್ಟಿದ ಊರು, ಪಠ್ಯದ ಒಳಗೆ ಮನೆತನದ ಊರು. ಎರಡನ್ನೂ ಬೇರೆ ಮಾಡಿ ಕೇಳಿ.

ಹುಟ್ಟಿದ ದಿನದ ಮಾತು ಬಂದರೆ ನಮ್ಮ ಹಳೆಯ ಮೇಷ್ಟ್ರುಗಳನ್ನು ನೆನೆಯಬೇಕು. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ಗೊತ್ತಿಲ್ಲ. 'ಮಾವಿನ ಕಾಯಿ ಕೀಳೋ ಕಾಲ' ಎನ್ನುತ್ತಿದ್ದ. ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಹಾಗಾಗಿ ಅಂಕಪಟ್ಟಿಯಲ್ಲೊಂದು, ಜಾತಕದಲ್ಲೊಂದು. ಇದರಲ್ಲೂ ನೀವು ಒಂಟಿಯಲ್ಲ: ವಿಶ್ವೇಶ್ವರಯ್ಯನವರ ಜನನ ವರ್ಷವೇ ಕೆಲವು ಕಡೆ 1860, ಕೆಲವು ಕಡೆ 1861 ಎಂದಿದೆ. ಅಂಚೆ ಇಲಾಖೆ ಅವರ ಜನ್ಮಶತಾಬ್ದಿಯ ಅಂಚೆಚೀಟಿ ಹೊರತಂದದ್ದು 1960ರ ಸೆಪ್ಟೆಂಬರ್ 15ರಂದು, ಅವರು ಬದುಕಿದ್ದಾಗಲೇ. ಆಧಾರಗಳು ಎರಡು ಹೇಳಿದರೆ ಎರಡನ್ನೂ ಆಧಾರಸಹಿತ ಕೊಡಿ ಎಂದು ಕೇಳುವುದೇ ನಿಷ್ಪಕ್ಷಪಾತ. ಪೂರ್ತಿ ತಾರೀಖು ಸಾರ್ವಜನಿಕವಾಗಿರುವುದೇ ಬೇಡ ಎಂದಿದ್ದರೆ ಅದನ್ನೂ ಕೇಳಬಹುದು; ಬದುಕಿರುವವರು ಆಕ್ಷೇಪಿಸಿದರೆ ಇಸವಿ ಮಾತ್ರ ಉಳಿಸುವುದು ಇಂಗ್ಲಿಷ್ ವಿಕಿಪೀಡಿಯದ ರೂಢಿ.

9. ಕಹಿ ಸಾಲನ್ನು ಅಳಿಸಬೇಡಿ, ಪೂರ್ತಿ ಮಾಡಿಸಿ

ನಮ್ಮ ಮಾಲೂರಿನ ಮಾಜಿ ಜನಪ್ರತಿನಿಧಿಗಳ ಪುಟದಲ್ಲಿ ಮೊಕದ್ದಮೆ ದಾಖಲಾದ ವಿಷಯ ಇದೆ, ಖುಲಾಸೆಯಾದ ವಿಷಯ ಇಲ್ಲ ಎಂದುಕೊಳ್ಳಿ. ಅವರ ಮೊದಲ ಮನಸ್ಸು ಆ ಪ್ಯಾರಾವನ್ನೇ ಎತ್ತಿಹಾಕುವುದು. ಎತ್ತಿದರೆ ಆಧಾರವಿರುವ ಸಾಲನ್ನು ಅಳಿಸಿದರೆಂದು ಅದು ವಾಪಸು ಬರುತ್ತದೆ. ಖುಲಾಸೆಯ ತೀರ್ಪಿನ ವರದಿಯನ್ನು ಕೊಟ್ಟು 'ಮುಂದಿನ ಸಾಲು ಸೇರಿಸಿ' ಎಂದು ಕೇಳಿದರೆ ಯಾವ ಸಂಪಾದಕರೂ ಇಲ್ಲ ಎನ್ನುವುದು ಕಷ್ಟ.

ಪ್ರಮಾಣದ ಪ್ರಶ್ನೆಯನ್ನೂ ಎತ್ತಬಹುದು. ಮೂವತ್ತು ವರ್ಷದ ಸಾರ್ವಜನಿಕ ಬದುಕಿಗೆ ನಾಲ್ಕು ಸಾಲು, ಒಂದು ಸಭೆಯ ಗಲಾಟೆಗೆ ನಲವತ್ತು ಸಾಲು ಎಂದಿದ್ದರೆ ಅದು ತೂಕ ತಪ್ಪಿದ ಲೇಖನ. 'ಗಲಾಟೆ ತೆಗೆಯಿರಿ' ಎನ್ನಬೇಡಿ. 'ಉಳಿದದ್ದಕ್ಕೂ ಇಷ್ಟು ಆಧಾರಗಳಿವೆ, ಪ್ರಮಾಣ ನೋಡಿ' ಎಂದು ಪಟ್ಟಿ ಕೊಡಿ. ಒಂದು ಪರೀಕ್ಷೆ: ಇದೇ ಸಾಲು ನಿಮ್ಮ ಎದುರಾಳಿಯ ಪುಟದಲ್ಲಿದ್ದರೆ ಅದು ಇರಲಿ ಎನ್ನುತ್ತಿದ್ದಿರಾ? ಹೌದಾದರೆ ನಿಮ್ಮ ಪುಟದಲ್ಲೂ ಇರಲಿ.

10. ಬಿರುದು ಬೇಡ, ಅಂಕಿ ಕೊಡಿ

'ಖ್ಯಾತ', 'ಜನಪ್ರಿಯ', 'ಅಪ್ರತಿಮ', 'ಮಾವಿನ ನಾಡಿನ ಮಾಣಿಕ್ಯ'. ಇವು ನಿಮ್ಮ ಮನವಿಯಲ್ಲಿ ಒಂದಿದ್ದರೂ ಉಳಿದ ಸತ್ಯವೆಲ್ಲ ಅನುಮಾನಕ್ಕೆ ಬೀಳುತ್ತದೆ.

ಮುಳಬಾಗಿಲು ತಾಲ್ಲೂಕಿನ ಆವಣಿಗೆ ಒಮ್ಮೆ ಹೋಗಿ ಬನ್ನಿ. ನೊಳಂಬರ ಕಾಲದಲ್ಲಿ, ಹತ್ತನೇ ಶತಮಾನದಲ್ಲಿ, ಅಲ್ಲಿ ತ್ರಿಭುವನಕರ್ತ ಎಂಬ ಗುರುವಿದ್ದ. ಅವನು 40 ವರ್ಷ ಆವಣಿಯ ಸ್ಥಾನವನ್ನು ಆಳಿ, 50 ದೇವಾಲಯ ಕಟ್ಟಿಸಿ, ಎರಡು ದೊಡ್ಡ ಕೆರೆ ಮಾಡಿಸಿದ ಎಂದು ಶಾಸನ ಹೇಳುತ್ತದೆ. ಶಾಸನತಜ್ಞ ಬಿ.ಎಲ್. ರೈಸ್ 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಒಟ್ಟಾಗಿ ಅಚ್ಚು ಹಾಕಿಸಿದರು. ಶಾಸನಗಳಲ್ಲಿ ರಾಜರ ಬಿರುದಾವಳಿಗೆ ಲೆಕ್ಕವಿಲ್ಲ. ಅವರೇ ಬರೆಸಿಕೊಂಡದ್ದು, ಅವರೇ ಕಲ್ಲಿನ ಖರ್ಚು ಕೊಟ್ಟದ್ದು. ಇತಿಹಾಸಕಾರರು ಬಿರುದನ್ನು ದಾಟಿ ಓದುತ್ತಾರೆ, ಗುಡಿ ಎಷ್ಟು, ಕೆರೆ ಎಷ್ಟು ಎಂಬಲ್ಲಿ ನಿಲ್ಲುತ್ತಾರೆ. ಕೆರೆ ಇದೆಯೋ ಇಲ್ಲವೋ ಹೋಗಿ ನೋಡಬಹುದಲ್ಲ! ನಿಮ್ಮ ಪುಟಕ್ಕೂ ಕೆರೆಯ ಲೆಕ್ಕವನ್ನೇ ಕೊಡಿ. 'ಹೆಸರಾಂತ ರಂಗನಟಿ' ಎನ್ನುವ ಬದಲು ಯಾವ ನಾಟಕ, ಯಾವ ಪಾತ್ರ, ಯಾವ ತಂಡ, ಯಾವ ವರ್ಷ.

11. ಮೂರು ಭಾಷೆ, ಮೂರು ಪುಟ

ಕೋಲಾರ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಅರ್ಜಿಯಲ್ಲಿ ಇಂಗ್ಲಿಷ್ ಎಂಬುದು ಹೊಸದೇನಲ್ಲ. ನಿಮ್ಮ ಪುಟವೂ ಮೂರು ಭಾಷೆಯಲ್ಲಿರಬಹುದು. ಕನ್ನಡ ವಿಕಿಪೀಡಿಯ, ತೆಲುಗು ವಿಕಿಪೀಡಿಯ ಎರಡೂ 2003ರಲ್ಲಿ ಶುರುವಾದವು. ಪ್ರತಿಯೊಂದಕ್ಕೂ ಅದರದೇ ಸಂಪಾದಕರು, ಅದರದೇ ರೂಢಿ. ಇಂಗ್ಲಿಷಿನಲ್ಲಿ ತಿದ್ದಿಸಿದರೆ ಕನ್ನಡದಲ್ಲಿ ತಾನಾಗಿ ತಿದ್ದಿಹೋಗುವುದಿಲ್ಲ. ಹುಟ್ಟಿದ ದಿನದಂಥ ವಿವರ ವಿಕಿಡೇಟಾ ಎಂಬ ಇನ್ನೊಂದು ಜಾಗದಲ್ಲೂ ಕುಳಿತಿರುತ್ತದೆ, ಅಲ್ಲೂ ಹೋಗಿ ನೋಡಿ. ಗೂಗಲ್ಲಿನ ಬಲಬದಿಯ ಚೌಕದಲ್ಲಿ ಬರುವುದು ಗೂಗಲ್ಲಿನವರ ಜೋಡಣೆ. ಅದನ್ನು ತಿದ್ದಲು ಅಲ್ಲೇ ಕೆಳಗೆ ಅಭಿಪ್ರಾಯ ತಿಳಿಸುವ ಕೊಂಡಿ ಇದೆ.

ಹೆಸರಿನ ಕಾಗುಣಿತವೂ ಒಂದೇ ಇರಲಿ. ಮುಳಬಾಗಿಲು, ಮುಳಬಾಗಲು, ಶ್ರೀನಿವಾಸಪುರ, ಶ್ರೀನಿವಾಸಪುರಂ. ಊರಿಗೆ ಎರಡು ರೂಪ ಇದ್ದರೆ ನಡೆಯುತ್ತದೆ. ಮನುಷ್ಯನಿಗೆ ಎರಡಿದ್ದರೆ ಇನಿಷಿಯಲ್ ಬದಲಾಗಿ ಇನ್ಯಾರದೋ ಪುಸ್ತಕ ನಿಮ್ಮ ಹೆಸರಿಗೆ ಬೀಳುತ್ತದೆ.

12. ಉತ್ತರ ಬಾರದಿದ್ದರೆ

ಕನ್ನಡ ವಿಕಿಪೀಡಿಯದಲ್ಲಿ ನಿರಂತರ ದುಡಿಯುವವರು ಕಡಿಮೆ. ಒಂದೆರಡು ವಾರ ಕಾಯಿರಿ. ಆಮೇಲೆ 'ಅರಳಿ ಕಟ್ಟೆ'ಗೆ ಹೋಗಿ. ಸಮುದಾಯದವರೆಲ್ಲ ಕೂಡಿ ಮಾತಾಡುವ ಪುಟಕ್ಕೆ ಅಲ್ಲಿ ಇಟ್ಟಿರುವ ಹೆಸರೇ ಅದು. ನಿರ್ವಾಹಕರೊಬ್ಬರ ಚರ್ಚೆ ಪುಟದಲ್ಲೂ ಒಂದು ಸಾಲು ಹಾಕಬಹುದು. ಇಂಗ್ಲಿಷಿನಲ್ಲಿ ಬದುಕಿರುವವರ ಜೀವನಚರಿತ್ರೆಗೆಂದೇ ಪ್ರತ್ಯೇಕ ಸೂಚನಾ ಫಲಕ ಇದೆ, ದೂರನ್ನು ಅಲ್ಲಿಡಬಹುದು. ಗುಟ್ಟಾಗಿರಬೇಕಾದ ವಿಷಯವಾದರೆ ಸಂಪರ್ಕ ಪುಟದಲ್ಲಿರುವ ಇಮೇಲ್ ವಿಳಾಸಕ್ಕೆ ಬರೆಯಿರಿ, ಸ್ವಯಂಸೇವಕರ ತಂಡ ನೋಡುತ್ತದೆ.

ಮಾಡಬಾರದ್ದು ಎರಡು. ಹಠ ಹಿಡಿದು ಮತ್ತೆ ಮತ್ತೆ ತಿದ್ದುವುದು: ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇತರರ ತಿದ್ದುಪಡಿಯನ್ನು ಹಿಂದಕ್ಕೆ ತಿರುಗಿಸಿದರೆ ಖಾತೆಗೆ ತಡೆ ಬೀಳಬಹುದು. ಇನ್ನೊಂದು, 'ಎಲ್ಲರೂ ಹೋಗಿ ಬರೆಯಿರಿ' ಎಂದು ಅಭಿಮಾನಿ ಗುಂಪಿಗೆ ಕರೆ ಕೊಡುವುದು. ನೂರು ಜನ ಬಂದು ಕೂಗಿದರೂ ಒಂದು ಪತ್ರಿಕಾ ವರದಿಯ ತೂಕ ಬರುವುದಿಲ್ಲ.

13. ಕೋರ್ಟಿನ ಮಾತು ಕೊನೆಗಿರಲಿ

ಚರ್ಚೆ ಪುಟದಲ್ಲಿ 'ಕೇಸು ಹಾಕುತ್ತೇನೆ' ಎಂದು ಬರೆದ ಕೂಡಲೇ ಮಾತುಕತೆ ನಿಲ್ಲುತ್ತದೆ. ಆ ಬೆದರಿಕೆ ಹಿಂತೆಗೆದುಕೊಳ್ಳುವವರೆಗೆ ಖಾತೆಯನ್ನು ತಡೆಯುವುದು ಇಂಗ್ಲಿಷ್ ವಿಕಿಪೀಡಿಯದ ಪದ್ಧತಿ. ನ್ಯಾಯಾಲಯಕ್ಕೆ ಹೋಗುವ ಹಕ್ಕು ನಿಮಗೆ ಇದ್ದೇ ಇದೆ, ಮಾನಹಾನಿ ನಿಜವಾಗಿಯೂ ಆಗಿದ್ದರೆ ವಕೀಲರನ್ನು ಕಾಣಿ. ಆದರೆ ಮುಂದಿನದನ್ನೂ ಲೆಕ್ಕ ಹಾಕಿ. ಎಎನ್‌ಐ ಸುದ್ದಿಸಂಸ್ಥೆ ತನ್ನ ಪುಟದ ವಿವರಣೆಯ ವಿರುದ್ಧ 2024ರ ಜುಲೈನಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಆ ಮೊಕದ್ದಮೆಯ ಬಗ್ಗೆಯೇ ಇದ್ದ ಪುಟವನ್ನು ತೆಗೆಯುವ ಆದೇಶ ಅಕ್ಟೋಬರಿನಲ್ಲಿ ಬಂತು. 2025ರ ಮೇ 9ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಈ ನಡುವೆ ಸುದ್ದಿಸಂಸ್ಥೆಯ ಪುಟದಲ್ಲಿ ಏನಿತ್ತೆಂದು ಎಂದೂ ನೋಡದವರೆಲ್ಲ ನೋಡಿದರು.

14. ದುಡ್ಡು ಕೇಳುವವರಿಂದ ದೂರ

'ಇಷ್ಟು ಸಾವಿರ ಕೊಡಿ, ನಿಮ್ಮ ಪುಟ ಸರಿಮಾಡಿಸುತ್ತೇವೆ' ಎಂದು ಮೆಸೇಜು ಬಂದರೆ ಅಳಿಸಿ. 2015ರಲ್ಲಿ ಇಂಥ ವಸೂಲಿ ಜಾಲವೊಂದನ್ನು ಪತ್ತೆಹಚ್ಚಿ ಒಂದೇ ಏಟಿಗೆ 381 ಖಾತೆಗಳನ್ನು ಮುಚ್ಚಿದರು. ಹಣ ಕೊಟ್ಟವರ ಪುಟಗಳೂ ಅಳಿಸಿಹೋದವು.

15. ಫೋಟೊ

ಫೋಟೊದಲ್ಲಿರುವುದು ನೀವಾದರೂ ಸಾಮಾನ್ಯವಾಗಿ ಹಕ್ಕುಸ್ವಾಮ್ಯ ತೆಗೆದವರದು. ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿಗೆ ಸ್ಟುಡಿಯೊದವರೇ ಒಪ್ಪಬೇಕು. ಸುಲಭದ ದಾರಿ: ಮಗಳ ಕೈಯಲ್ಲಿ ಮೊಬೈಲು ಕೊಟ್ಟು ಒಂದು ತೆಗೆಸಿ, ಅವಳ ಹೆಸರಿನಲ್ಲೇ ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿಸಿ. ಶಾಲು, ಹಾರ, ಪೇಟ ಇಲ್ಲದ ಫೋಟೊ ಆದರೆ ಲೇಸು.

16. ನಿಮಗೆ ಅನುಕೂಲವಾದ ತಪ್ಪನ್ನು ಮೊದಲು ತಿದ್ದಿಸಿ

ಬಹಳ ಜನ ಇದನ್ನು ಮಾಡುವುದಿಲ್ಲ, ಮಾಡಿದವರಿಗೆ ಉಳಿದದ್ದೆಲ್ಲ ಹಗುರ. ಪುಟವನ್ನು ಇನ್ನೊಮ್ಮೆ ಓದಿ: ನಿಮಗೆ ಬಾರದ ಪ್ರಶಸ್ತಿ ನಿಮ್ಮ ಹೆಸರಿಗಿದೆಯೇ? ಸಹಲೇಖಕರೊಂದಿಗೆ ಬರೆದ ಪುಸ್ತಕ ನಿಮ್ಮೊಬ್ಬರದೇ ಎಂದಿದೆಯೇ? ಮಾನ್ಯತೆಯಿಲ್ಲದ ಯಾವುದೋ ಸಂಸ್ಥೆ ಹೋಟೆಲಿನ ಸಭಾಂಗಣದಲ್ಲಿ ಕೊಟ್ಟ ಗೌರವ ಡಾಕ್ಟರೇಟಿನ ಬಲದಲ್ಲಿ ಹೆಸರಿನ ಮುಂದೆ 'ಡಾ.' ಕೂತಿದೆಯೇ? ನಿಮ್ಮ ಮೊದಲ ಮನವಿ ಅದನ್ನು ತೆಗೆಸುವುದಾಗಲಿ. 'ಡಾ.' ತೆಗೆಯಿರಿ ಎಂದು ಸ್ವತಃ ಡಾಕ್ಟರೇ ಬಂದು ಕೇಳಿದ್ದನ್ನು ನೋಡಿದ ಸಂಪಾದಕರು, ಅವರ ಎರಡನೇ ಮನವಿಯನ್ನು ಬೇರೆ ಕಣ್ಣಿನಿಂದ ಓದುತ್ತಾರೆ.